ದೇವರು ಕೊಟ್ಟಿದ್ದಲ್ಲ ಕಣೇ: ಮೇ ವೆಸ್ಟ್ ಮಾತಿಗೆ ಕನ್ನಡ ಸಬ್‌ಟೈಟಲ್

1932ರ ‘ನೈಟ್ ಆಫ್ಟರ್ ನೈಟ್’ ಚಿತ್ರದಲ್ಲಿ ಹಾಲಿವುಡ್ ನಟಿ ಮೇ ವೆಸ್ಟ್ ಒಂದು ಕ್ಲಬ್ಬಿಗೆ ಬರುತ್ತಾಳೆ. ಕೋಟು, ಟೋಪಿ ತೆಗೆದಿಡುವ ಹುಡುಗಿ ಆಕೆಯ ಮೈಮೇಲಿನ ವಜ್ರ ಕಂಡು ‘ಗುಡ್‌ನೆಸ್!’ ಎಂದು ಬಾಯಿ ಬಿಡುತ್ತಾಳೆ. ಗುಡ್‌ನೆಸ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂಬರ್ಥದ ಒಂದು ಸಾಲು ಒಗೆದು ವೆಸ್ಟ್ ಮೆಟ್ಟಿಲು ಹತ್ತುತ್ತಾಳೆ. ಅದು ಆಕೆಯ ಮೊದಲ ಸಿನಿಮಾ. ಆಗ ವಯಸ್ಸು 39.

ಈ ಸಾಲನ್ನು ಸಬ್‌ಟೈಟಲ್ ಮಾಡಲು ಕೂತವರು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಹುಡುಗಿಯ ಉದ್ಗಾರಕ್ಕೆ ‘ಅಬ್ಬಬ್ಬಾ’ ಎಂದು ಹಾಕಿ, ಉತ್ತರಕ್ಕೆ ‘ಒಳ್ಳೆಯತನಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಬರೆದರೆ ಎರಡೂ ಸರಿ, ಜೋಕು ಮಾತ್ರ ಸತ್ತಿರುತ್ತದೆ. ವೆಸ್ಟ್ ಹೊಸ ಮಾತು ತರುವುದೇ ಅಪರೂಪ. ಎದುರಿನವರ ಬಾಯಿಂದ ಬಿದ್ದ ಪದವನ್ನೇ ಎತ್ತಿಕೊಂಡು ಮಗುಚಿ ಹಾಕುತ್ತಾಳೆ. ಹಾಗಾಗಿ ಮೊದಲು ಉತ್ತರವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡು, ಆಮೇಲೆ ಹಿಂದಕ್ಕೆ ಬಂದು ಪ್ರಶ್ನೆ ಬರೆಯಬೇಕು. ‘ಅಯ್ಯೋ ದೇವರೇ, ಎಂಥಾ ವಜ್ರ!’ ‘ದೇವರು ಕೊಟ್ಟಿದ್ದಲ್ಲ ಕಣೇ.’ ಮೂಲದ ಸದ್ಗುಣದ ಛಾಯೆ ಹೋಯಿತು ನಿಜ. ಆದರೆ ಕೊಟ್ಟವರು ಯಾರು ಎಂಬ ಪ್ರಶ್ನೆ ನೋಡುವವನ ತಲೆಯಲ್ಲಿ ಹುಟ್ಟಿತು. ಮೂಲದ ಜೋಕೂ ಹೇಳದೆ ಬಿಟ್ಟದ್ದು ಅದನ್ನೇ.

ಮೆಟ್ಟಿಲು ಹತ್ತುವುದರಲ್ಲೂ ಕಸುಬಿದೆ. ನಾಟಕದಲ್ಲಿ ನಟಿ ನಗು ಇಳಿಯುವವರೆಗೆ ಕಾಯಬಹುದು, ಸಿನಿಮಾ ರೀಲು ಕಾಯುವುದಿಲ್ಲ. ಆ ಹತ್ತುವಿಕೆಯಲ್ಲಿ ಮಾತಿಲ್ಲ, ಹೀಗಾಗಿ ಜನ ನಗುವಾಗ ಮುಂದಿನ ಸಾಲು ಕಳೆದುಹೋಗುವುದಿಲ್ಲ. ಸಣ್ಣ ವಯಸ್ಸಿನಿಂದ ವಾಡ್‌ವಿಲ್ ಎಂಬ ಹಾಡು-ಕುಣಿತ-ಹಾಸ್ಯದ ರಂಗದಲ್ಲಿ ದುಡಿದವಳಿಗೆ ಇದು ಕರತಲಾಮಲಕ. ಸಬ್‌ಟೈಟಲ್‌ನವರು ಆ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಡಬೇಕು. ಪ್ರಶ್ನೆ, ಉತ್ತರ ಎರಡನ್ನೂ ಒಂದೇ ಸಬ್‌ಟೈಟಲ್‌ನ ಮೇಲಿನ-ಕೆಳಗಿನ ಸಾಲಾಗಿ ಹಾಕುವುದಂತೂ ದೊಡ್ಡ ತಪ್ಪು. ಕಣ್ಣು ಕಿವಿಗಿಂತ ಮುಂದೆ ಓಡುತ್ತದೆ, ಆಕೆ ಬಾಯಿ ತೆರೆಯುವ ಮೊದಲೇ ನಗು ಮುಗಿದಿರುತ್ತದೆ. ಎರಡನ್ನೂ ಬೇರೆ ಮಾಡಿ, ಉತ್ತರವು ಆಕೆಯ ದನಿ ಶುರುವಾಗುವ ಫ್ರೇಮಿಗೇ ಬರಲಿ. ನಡುವೆ ಕನಿಷ್ಠ 2 ಫ್ರೇಮಿನ ಅಂತರ ಇರಲಿ. ಎಷ್ಟೇ ಚಿಕ್ಕ ಮಾತಾದರೂ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 20 ಫ್ರೇಮಿಗಿಂತ ಕಡಿಮೆ ಹೊತ್ತು ನಿಲ್ಲಿಸಬೇಡಿ.

ಜಾಗದ ಲೆಕ್ಕ ಇನ್ನೊಂದು ತಲೆನೋವು. ಎರಡು ಸಾಲು, ಸಾಲಿಗೆ 42 ಅಕ್ಷರ ಎಂಬುದು ಹಲವೆಡೆ ಚಾಲ್ತಿಯಲ್ಲಿರುವ ಮಿತಿ. ಎಷ್ಟೋ ಸಾಫ್ಟ್‌ವೇರ್‌ಗಳು ಎಣಿಸುವುದು ನಮ್ಮ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದು, ಅದಕ್ಕೆ ಆರು. ಒತ್ತಕ್ಷರ ತುಂಬಿದ ಗ್ರಾಂಥಿಕ ಪದಗಳನ್ನು ಬಿಟ್ಟು ಆಡುಮಾತಿಗೆ ಇಳಿದರೆ ಜಾಗವೂ ಉಳಿಯುತ್ತದೆ, ವೆಸ್ಟ್‌ಗೆ ಒಪ್ಪುವುದೂ ಅದೇ.

1940ರ ‘ಮೈ ಲಿಟಲ್ ಚಿಕಡೀ’ಯಲ್ಲಿ ನ್ಯಾಯಾಧೀಶ, ಕೋರ್ಟಿಗೆ ಕಂಟೆಂಪ್ಟ್ ತೋರಿಸುತ್ತಿದ್ದೀಯಾ ಎಂದು ಗದರುತ್ತಾನೆ. ಮುಚ್ಚಿಡಲು ಕೈಲಾದಷ್ಟು ನೋಡಿದೆ ಎನ್ನುತ್ತಾಳೆ ವೆಸ್ಟ್. ಕಾನೂನು ಗೊತ್ತಿರುವ ಅನುವಾದಕ ಥಟ್ಟನೆ ‘ನ್ಯಾಯಾಂಗ ನಿಂದನೆ’ ಎಂದು ಬರೆದುಬಿಡುತ್ತಾನೆ. ನಿಂದನೆ ಬಾಯಿಂದ ಆಚೆ ಬಂದ ಮೇಲಿನ ಮಾತು, ಅದನ್ನು ಮುಚ್ಚಿಡುವುದು ಹೇಗೆ? ಇಲ್ಲಿ ಬೇಕಾದ್ದು ‘ತಿರಸ್ಕಾರ’, ಮನಸ್ಸಿನೊಳಗೆ ಇರುವಂಥದ್ದು. ‘ಕೋರ್ಟಿನ ಮೇಲೆ ತಿರಸ್ಕಾರ ತೋರಿಸ್ತಿದ್ದೀಯಾ?’ ‘ಬಚ್ಚಿಡೋಕೆ ಒದ್ದಾಡ್ತಿದ್ದೆ, ಸ್ವಾಮಿ.’

ಕೆಲವೊಮ್ಮೆ ಕನ್ನಡವೇ ಕೈಹಿಡಿಯುತ್ತದೆ. 1933ರ ‘ಐಯಾಮ್ ನೋ ಏಂಜೆಲ್’ನಲ್ಲಿ ಅಷ್ಟೊಂದು ಗಂಡಸರ ಪರಿಚಯವಿದೆಯೆಂದು ಒಪ್ಪಿಕೊಂಡದ್ದೇಕೆ ಎಂದು ಕೇಳಿದರೆ, ಲೈಫ್ ಮತ್ತು ಮೆನ್ ಎಂಬೆರಡು ಪದಗಳನ್ನು ಅದಲುಬದಲು ಮಾಡಿ ಉತ್ತರಿಸುತ್ತಾಳೆ. ‘ಜೀವನದಲ್ಲಿ ಎಷ್ಟು ಗಂಡಸರು ಅನ್ನೋದಲ್ಲ, ಗಂಡಸರಲ್ಲಿ ಎಷ್ಟು ಜೀವ ಅನ್ನೋದು ಲೆಕ್ಕ.’ ಜೀವನ, ಜೀವ ಅಕ್ಕಪಕ್ಕ ಸಿಕ್ಕಿದ್ದು ನಮ್ಮ ಅದೃಷ್ಟ. ಅದೇ ವರ್ಷದ ‘ಶಿ ಡನ್ ಹಿಮ್ ರಾಂಗ್’ನಲ್ಲಿ ನಟ ಕ್ಯಾರಿ ಗ್ರಾಂಟ್‌ಗೆ ಕೊಡುವ ಆಹ್ವಾನ ಅಷ್ಟು ಸಲೀಸಲ್ಲ. ಕೆಳಗೆ ಮದ್ಯದಂಗಡಿ, ಮಹಡಿ ಮೇಲೆ ಆಕೆಯ ಕೋಣೆ. ಆದ್ದರಿಂದ ‘ಮೇಲೆ’ ಬಿಡುವಂತಿಲ್ಲ. ಆದರೆ ಕ್ರಿಯಾಪದ ಜಾರಿ ‘ಮೇಲೆ ಹೋಗಿ’ ಎಂದಾದರೆ ಆ ಮನುಷ್ಯ ಸತ್ತೇ ಹೋದ! ‘ಒಮ್ಮೆ ಮೇಲೆ ಬಂದು ನನ್ನ ನೋಡಬಾರದಾ? ಸಂಜೆ ಮನೇಲೇ ಇರ್ತೀನಿ.’ ಗ್ರಾಂಟ್ ಇಲ್ಲಿ ಧರ್ಮಪ್ರಚಾರಕನ ವೇಷದಲ್ಲಿದ್ದಾನೆ, ಹಾಗಾಗಿ ಆಕೆ ‘ನೀವು’ ಎಂದೇ ಮಾತಾಡಲಿ. ಬಹುವಚನದ ಮರ್ಯಾದೆಯಲ್ಲೇ ಅರ್ಧ ಕೀಟಲೆ ಇದೆ.

ಈ ಸಾಲುಗಳಲ್ಲಿ ಒಂದೂ ಅಶ್ಲೀಲ ಪದವಿಲ್ಲ ಎಂಬುದನ್ನು ಗಮನಿಸಿ. 1927ರಲ್ಲಿ ತಾನೇ ಬರೆದ ನಾಟಕಕ್ಕಾಗಿ ನ್ಯೂಯಾರ್ಕಿನಲ್ಲಿ 10 ದಿನದ ಜೈಲುಶಿಕ್ಷೆ ಪಡೆದವಳು ಆಕೆ. ಕಾಗದದ ಮೇಲೆ ಏನಿರಬೇಕು, ದನಿಯಲ್ಲಿ ಏನಿರಬೇಕು ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. 1934ರ ಜುಲೈಯಿಂದ ಪ್ರೊಡಕ್ಷನ್ ಕೋಡ್ ಎಂಬ ಹಾಲಿವುಡ್ಡಿನ ಸೆನ್ಸಾರ್ ನಿಯಮಾವಳಿ ಬಿಗಿಯಾದ ಮೇಲೆ ಚಿತ್ರಕಥೆಗೆ ಕತ್ತರಿ ಬಿತ್ತು, ಆಕೆ ಹಾರಿಸುವ ಹುಬ್ಬಿಗೆ ಬೀಳಲಿಲ್ಲ. ಆದರೂ 1937ರ ಡಿಸೆಂಬರಿನಲ್ಲಿ ಆದಮ್-ಈವ್ ಬಗೆಗಿನ ರೇಡಿಯೊ ಪ್ರಹಸನ ಆಕೆಗೆ ಮುಳುವಾಯಿತು. ಬರೆದವನು ಬೇರೆಯವನು, ಬಾನುಲಿಯಲ್ಲಿ ಹುಬ್ಬು ಕಾಣುವುದೂ ಇಲ್ಲ; ಬರೀ ದನಿಗೇ ದೂರುಗಳ ಸುರಿಮಳೆಯಾಗಿ, ರೇಡಿಯೊ ಜಾಲ ಎನ್‌ಬಿಸಿ ತನ್ನ ಕೇಂದ್ರಗಳಲ್ಲಿ ಆಕೆಯ ಹೆಸರನ್ನೇ ಎತ್ತದಂತೆ ಮಾಡಿತು.

ಆದ್ದರಿಂದ ಸಬ್‌ಟೈಟಲ್‌ನಲ್ಲಿ ಪೋಲಿ ಪದ ಸೇರಿಸಿ ‘ಸಹಾಯ’ ಮಾಡುವ ಆಸೆಯನ್ನು ತಡೆದುಕೊಳ್ಳಿ. ಕಣ್ಣುಹೊಡೆಯುವ ಚುಕ್ಕಿಚುಕ್ಕಿ, ಆಶ್ಚರ್ಯಸೂಚಕ ಚಿಹ್ನೆಗಳೂ ಬೇಡ. ಪೂರ್ಣವಿರಾಮ ಒಂದು ಸಾಕು, ಉಳಿದದ್ದನ್ನು ತೆರೆಯ ಮೇಲೆ ಆಕೆ ನೋಡಿಕೊಳ್ಳುತ್ತಾಳೆ.