ಶಾಲೆ ಮುಚ್ಚಿದ್ದು ತಿಂಗಳುಗಟ್ಟಲೆ, ನಷ್ಟ ಮಾತ್ರ ವರ್ಷಗಟ್ಟಲೆ: ಯಾಕೆ?

ಜನರ ಓದು, ಕೌಶಲವನ್ನೇ ಬಂಡವಾಳ ಅಂತ ನೋಡುವ ಅರ್ಥಶಾಸ್ತ್ರದ ಪಾಠಕ್ಕೆ ‘ಮಾನವ ಬಂಡವಾಳ’ ಅಂತ ಹೆಸರು. ಅದರಲ್ಲಿ ‘ಕಲಿಕಾ ನಷ್ಟ’ ಅಂತ ಬಂದ ಕೂಡಲೇ ಪರೀಕ್ಷೆಗೆ ಓದುವ ನಾವೆಲ್ಲ ಹಾಕುವ ಲೆಕ್ಕ ಒಂದೇ. ಶಾಲೆ ಹತ್ತು ತಿಂಗಳು ಬಂದ್ ಆಗಿದ್ದರೆ ಹತ್ತು ತಿಂಗಳ ಪಾಠ ಹೋಯಿತು, ಅಷ್ಟೇ. ನಾನೂ ನೋಟ್ಸಿನಲ್ಲಿ ಹಾಗೇ ಬರೆದಿದ್ದೆ. ಪಾಕಿಸ್ತಾನದ ಭೂಕಂಪದ ಬಗ್ಗೆ ನಡೆದ ಅಧ್ಯಯನವನ್ನು ಓದಿದ ಮೇಲೆ ಆ ಪುಟಕ್ಕೆ ಕಾಟು ಹಾಕಿದೆ.

2005ರ ಅಕ್ಟೋಬರ್ 8ರಂದು ಆ ದೇಶದ ಉತ್ತರದ ಗುಡ್ಡಗಾಡಿನಲ್ಲಿ ಭೂಮಿ ನಡುಗಿತು. ಮನೆಗಳ ಜೊತೆ ಶಾಲೆಗಳೂ ಕುಸಿದವು. ನಾಲ್ಕು ವರ್ಷ ಆದ ಮೇಲೆ ತಾಹಿರ್ ಅಂದ್ರಾಬಿ, ಬೆಂಜಮಿನ್ ಡೇನಿಯಲ್ಸ್, ಜಿಷ್ಣು ದಾಸ್ ಎಂಬ ಮೂವರು ಸಂಶೋಧಕರು ಅಲ್ಲಿನ ಮಕ್ಕಳ ಕಲಿಕೆಯನ್ನು ಅಳೆದರು. ಭೂಮಿ ಬಿರಿದ ಗೆರೆಗೆ ಹತ್ತಿರದ ಊರುಗಳನ್ನು ದೂರದ ಊರುಗಳ ಜೊತೆ ಹೋಲಿಸಿದರು. ದೊಡ್ಡವರ ಆಸ್ತಿ, ಖರ್ಚು ನೋಡಿದರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಪರಿಹಾರದ ಹಣ ಬಂದಿತ್ತು, ಮನೆಗಳು ಮತ್ತೆ ಎದ್ದಿದ್ದವು. ಮಕ್ಕಳೂ ಶಾಲೆಗೆ ವಾಪಸ್ ಬಂದಿದ್ದರು. ಹತ್ತಿರದ ಊರುಗಳ ಮಕ್ಕಳಿಗೆ ಶಾಲೆ ತಪ್ಪಿದ್ದು ಸರಾಸರಿ 14 ವಾರ. ಆದರೆ ಪರೀಕ್ಷೆಯಲ್ಲಿ ಅವರು ಹಿಂದೆ ಬಿದ್ದಿದ್ದು ಸುಮಾರು ಒಂದೂವರೆ ವರ್ಷ!

14 ವಾರ ಹೇಗೆ ಒಂದೂವರೆ ವರ್ಷ ಆಯಿತು? ಇದಕ್ಕೆ ಅವರು ಕೊಡುವ ವಿವರಣೆ ಇದು: ನಷ್ಟದ ದೊಡ್ಡ ಪಾಲು ಆಗಿದ್ದು ಶಾಲೆ ಮುಚ್ಚಿದಾಗಲ್ಲ, ತೆರೆದ ಮೇಲೆ. ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಮಗುವಿಗೆ ಕಾಗುಣಿತ ಬರುವ ಹೊತ್ತಿಗೆ ಶಾಲೆ ನಿಂತಿತು. ಮತ್ತೆ ಹೋದಾಗ ಕ್ಲಾಸಿನಲ್ಲಿ ಒತ್ತಕ್ಷರ ನಡೆಯುತ್ತಿದೆ. ಅದು ಅರ್ಥವಾಗಲಿಲ್ಲ. ಮುಂದಿನ ವರ್ಷ ಕೈಗೆ ಗದ್ಯ ಪಾಠ ಬಂತು. ಮೇಷ್ಟ್ರಿಗೆ ಪಠ್ಯ ಮುಗಿಸುವ ಅವಸರ. ಹೀಗೆ ಒಂದು ಕಡೆ ತಪ್ಪಿದ್ದಕ್ಕೆ ಪ್ರತಿ ವರ್ಷ ಬಡ್ಡಿ ಬೀಳುತ್ತಾ ಹೋಗುತ್ತದೆ.

ಇದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಅಸಮಾನತೆಯ ಪ್ರಶ್ನೆ ಬಂದರೆ ನಾನು ಮೊದಲು ಬರೆಯುವುದು ಇದನ್ನೇ. ತಾಯಿ ಪ್ರಾಥಮಿಕ ಶಾಲೆ ಮುಗಿಸಿದ್ದ ಮನೆಗಳಲ್ಲಿ ಮಕ್ಕಳ ಕಲಿಕೆ ಹಿಂದೆ ಬೀಳಲೇ ಇಲ್ಲ. ಪೂರ್ತಿ ನಷ್ಟ ಬಿದ್ದಿದ್ದು ಓದದ ತಾಯಂದಿರ ಮಕ್ಕಳ ಮೇಲೆ. ಅದೇ ಭೂಕಂಪ, ಅದೇ ಊರು, ಅದೇ ಶಾಲೆ. ಅವ್ವ ಐದನೇ ಕ್ಲಾಸು ಓದಿದ್ದಳಾ ಇಲ್ವಾ ಅನ್ನುವುದರ ಮೇಲೆ ಎಲ್ಲ ನಿಂತಿತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಕೊರೊನಾದಿಂದಾಗಿ 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಬಂತು. ಮರದ ಕೆಳಗೆ, ಗುಡಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಒಳ್ಳೆಯ ಯೋಚನೆ, ಆದರೆ ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ಶುರುವಾಯಿತು. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗುವನ್ನು ನೆನೆಸಿಕೊಳ್ಳಿ. ಒಂದನೇ ಕ್ಲಾಸಿನ ಕೊಠಡಿಯಲ್ಲಿ ಅದು ಸರಿಯಾಗಿ ಕೂರಲೇ ಇಲ್ಲ. ಎರಡನೆಯದರಲ್ಲಿ ಕೂತಿದ್ದು ಅರ್ಧ ವರ್ಷ. 2022ರಲ್ಲಿ ಅದು ಮೂರನೇ ಕ್ಲಾಸು!

ಅಂಕಿಗಳೂ ಇದನ್ನೇ ಹೇಳುತ್ತವೆ. ಹಳ್ಳಿಗಳಲ್ಲಿ ಮನೆಗೇ ಹೋಗಿ ಮಕ್ಕಳ ಓದು, ಲೆಕ್ಕ ನೋಡುವ ಅಸರ್ ಸಮೀಕ್ಷೆಯ ಪ್ರಕಾರ, 2018ರಲ್ಲಿ ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಸುಮಾರು ಶೇ. 19. 2021ರ ಮಾರ್ಚ್‌ನಲ್ಲಿ ಅದು ಸುಮಾರು ಶೇ. 10ಕ್ಕೆ ಇಳಿದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿದರು. ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಮರೆತವರು ಶೇ. 92, ಗಣಿತದಲ್ಲಿ ಶೇ. 82. ಗಮನಿಸಿ, ಇದು ‘ಕಲಿಯಲಿಲ್ಲ’ ಅನ್ನುವ ಲೆಕ್ಕ ಅಲ್ಲ, ‘ಮರೆತರು’ ಅನ್ನುವ ಲೆಕ್ಕ. ಉತ್ತರದಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುವ ಹಾಗೂ ಇಲ್ಲ. 2018ರ ಶೇ. 19 ಏನು ಹೆಮ್ಮೆಯ ಸಂಖ್ಯೆಯಾ? ಐವರಲ್ಲಿ ನಾಲ್ವರಿಗೆ ಆಗಲೇ ಎರಡನೇ ತರಗತಿಯ ಪಾಠ ಓದಲು ಬರುತ್ತಿರಲಿಲ್ಲ.

ಇನ್ನು ಸಂಬಳ, ಉತ್ಪಾದಕತೆ. ಇಲ್ಲಿ ಪರೀಕ್ಷೆಗೆ ಬೇಕಾದ ಹೆಸರು ಹನುಶೆಕ್ ಮತ್ತು ವೋಸ್ಮನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರದು. 2020ರಲ್ಲಿ ಇವರು ಕೊಟ್ಟ ಅಂದಾಜು ಹೀಗಿದೆ: ವರ್ಷದ ಮೂರನೇ ಒಂದು ಭಾಗದ ಕಲಿಕೆ ಹೋದರೆ ಆ ಮಕ್ಕಳ ಜೀವಮಾನದ ಗಳಿಕೆ ಸುಮಾರು ಶೇ. 3 ಕಡಿಮೆ ಆಗುತ್ತದೆ. ದೇಶದ ಜಿಡಿಪಿ ಈ ಶತಮಾನ ಮುಗಿಯುವವರೆಗೆ ಸರಾಸರಿ ಶೇ. 1.5 ಕಡಿಮೆ ಇರುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ. ಬೆಳವಣಿಗೆ ದರವೇ ವರ್ಷಕ್ಕೆ ಒಂದೂವರೆ ಅಂಶ ಬೀಳುತ್ತದೆ ಅಂತ ಬರೆದುಬಿಡುತ್ತಾರೆ. ಹಾಗಲ್ಲ. ಜಿಡಿಪಿ 100 ಇರಬೇಕಾದ ಕಡೆ 98.5 ಇರುತ್ತದೆ. ದರ ಅಷ್ಟು ಬಿದ್ದರೆ ಕತೆಯೇ ಬೇರೆ.

ಅದು ಮುಂದಿನದರ ಅಂದಾಜು. ನಿಜವಾಗಿ ನಡೆದದ್ದು ಬೇಕೆಂದರೆ ಅರ್ಜೆಂಟೀನಾ ಇದೆ. ಅಲ್ಲಿ ಶಿಕ್ಷಕರ ಮುಷ್ಕರಗಳಿಂದ ಪ್ರಾಥಮಿಕ ಶಾಲೆಯಲ್ಲಿ ಒಟ್ಟು ಅರ್ಧ ವರ್ಷದಷ್ಟು ಪಾಠ ಕಳೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ, ಗಂಡಸರ ಗಳಿಕೆ ಸುಮಾರು ಶೇ. 3, ಹೆಂಗಸರದು ಸುಮಾರು ಶೇ. 2 ಕಡಿಮೆ ಇತ್ತು.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ಇದನ್ನು ಬಿಡಬೇಡಿ. ಪಶ್ಚಿಮ ಜರ್ಮನಿ 1966-67ರಲ್ಲಿ ಶಾಲಾ ವರ್ಷ ಶುರುವಾಗುವ ತಿಂಗಳನ್ನು ಬದಲಾಯಿಸಲು ಎರಡು ವರ್ಷಗಳನ್ನು ಮೊಟಕು ಮಾಡಿತು. ಕೆಲವು ಮಕ್ಕಳಿಗೆ ಒಟ್ಟು ಮೂರನೇ ಎರಡರಷ್ಟು ವರ್ಷದ ಶಾಲೆ ಕಡಿಮೆಯಾಯಿತು. ಸಣ್ಣ ಕ್ಲಾಸುಗಳಲ್ಲಿ ಅದೇ ತರಗತಿಯಲ್ಲಿ ಉಳಿದವರು ಜಾಸ್ತಿಯಾದರು. ಆದರೆ ದೊಡ್ಡವರಾದ ಮೇಲೆ ಅವರ ಸಂಬಳಕ್ಕಾಗಲಿ ಕೆಲಸಕ್ಕಾಗಲಿ ಪೆಟ್ಟು ಬಿದ್ದಿದ್ದು ಕಾಣಲಿಲ್ಲ. ಕಾರಣ ನನಗೆ ತೋರುವುದು ಇಷ್ಟು: ಅಲ್ಲಿ ಪಾಠ ನಿಲ್ಲಲಿಲ್ಲ. ಅದೇ ಪಠ್ಯವನ್ನು ಮೊದಲೇ ಯೋಚಿಸಿ, ಕಡಿಮೆ ಸಮಯದಲ್ಲಿ ಮುಗಿಸಿದರು. ಹೋದ ದಿನಗಳ ಸಂಖ್ಯೆ ಒಂದನ್ನೇ ನೋಡಿದರೆ ಜರ್ಮನಿಯೂ ಪಾಕಿಸ್ತಾನವೂ ಅರ್ಥ ಆಗುವುದಿಲ್ಲ.

ಉದ್ಯೋಗದ ಕಡೆ ಇನ್ನೊಂದು ಎಳೆ ಇದೆ. 2021ರ ಎಸ್ಸೆಸ್ಸೆಲ್ಸಿ ನೆನಪಿದೆಯಲ್ವಾ? ಆರು ವಿಷಯಗಳನ್ನು ಎರಡೇ ದಿನಕ್ಕೆ, ಜುಲೈ 19 ಮತ್ತು 22ಕ್ಕೆ ಮುಗಿಸಿದರು. ಬರೀ ಸರಿ ಉತ್ತರ ಗುರುತಿಸುವ ಪ್ರಶ್ನೆಗಳು. ಹೆಚ್ಚು ಕಡಿಮೆ ಎಲ್ಲರೂ ಪಾಸ್. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ, ಸರಿ. ಆದರೆ ಅಂಕಪಟ್ಟಿ ಕೆಲಸ ಕೊಡುವವನಿಗೆ ಒಂದು ಸುಳಿವು. ಎಲ್ಲರ ಕೈಯಲ್ಲೂ ಒಂದೇ ಥರದ ಸುಳಿವು ಇದ್ದರೆ ಅವನು ಬೇರೆ ಜರಡಿ ಹಿಡಿಯುತ್ತಾನೆ. ಇಂಗ್ಲಿಷ್ ಬರುತ್ತಾ, ಯಾವ ಕಾಲೇಜು, ಯಾರ ಪರಿಚಯ ಅಂತ. ಆ ಜರಡಿಯಲ್ಲಿ ಉದುರಿ ಹೋಗುವವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಸಾಲು. ಎಬೋಲಾ ಸೋಂಕಿನ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಶಾಲೆ ಮುಚ್ಚಿದಾಗ ಎಷ್ಟೋ ಹುಡುಗಿಯರು ಬಸುರಾದರು. ಬಸುರಿಯರು ಶಾಲೆಗೆ ಬರಬಾರದು ಎಂದು ಅಲ್ಲಿ ನಿಷೇಧ ಬಂತು. ಅದನ್ನು ತೆಗೆದಿದ್ದು 2020ರ ಮಾರ್ಚ್‌ನಲ್ಲಿ.

ಹಾಗಾದರೆ ನಷ್ಟ ತುಂಬಲು ಆಗುತ್ತದಾ? ಪಕ್ಕದ ತಮಿಳುನಾಡು ನೋಡಿ. ಅಭಿಜೀತ್ ಸಿಂಗ್, ಮಾರಿಸಿಯೊ ರೊಮೆರೊ, ಕಾರ್ತಿಕ್ ಮುರಳೀಧರನ್ ಅಲ್ಲಿನ ಸುಮಾರು 19,000 ಹಳ್ಳಿ ಮಕ್ಕಳನ್ನು ಪರೀಕ್ಷಿಸಿದರು. ಶಾಲೆ ತೆರೆದ ಆರು ತಿಂಗಳಲ್ಲಿ ನಷ್ಟದ ಮೂರನೇ ಎರಡು ಭಾಗ ತುಂಬಿಕೊಂಡಿತ್ತು. ಆ ಚೇತರಿಕೆಯಲ್ಲಿ ಸುಮಾರು ಕಾಲು ಭಾಗ ‘ಇಲ್ಲಂ ತೇಡಿ ಕಲ್ವಿ’ ಯೋಜನೆಯದು. ಊರಿನದೇ ಸ್ವಯಂಸೇವಕರು ಸಂಜೆ ಮಕ್ಕಳಿಗೆ ಕಲಿಸುವ ಏರ್ಪಾಡು ಅದು. ನಮ್ಮಲ್ಲೂ 2022-23 ಅನ್ನು ‘ಕಲಿಕಾ ಚೇತರಿಕೆ’ ವರ್ಷ ಮಾಡಿ, ಹಿಂದಿನ ಕ್ಲಾಸಿನ ಪಾಠವನ್ನೂ ಸೇರಿಸಿ ಕಲಿಸಿದರು.

ಆದರೆ ಇಂಥ ಯೋಜನೆಗಳೆಲ್ಲ ಶಾಲೆಯೊಳಗೆ ಇರುವವರಿಗೆ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು 2030ಕ್ಕೆ ಎಸ್ಸೆಸ್ಸೆಲ್ಸಿ ಬರೆಯುತ್ತದೆ. ಅದಕ್ಕೆ ಇನ್ನೂ ಸಮಯ ಇದೆ. 2021ರಲ್ಲಿ ಆ ಎರಡು ದಿನದ ಪರೀಕ್ಷೆ ಬರೆದು, ಅಲ್ಲಿಗೇ ಓದು ಬಿಟ್ಟು ಗಾರ್ಮೆಂಟ್ಸಿಗೋ ಗಾರೆ ಕೆಲಸಕ್ಕೋ ಹೋದವರಿಗೆ ಯಾವ ಚೇತರಿಕೆಯ ವರ್ಷವೂ ಬರಲಿಲ್ಲ.