ಹತ್ತು ಪರ್ಸೆಂಟ್ ನೋಡಿದರೆ ಸಾಕಾ?

ಫ್ಯಾಕ್ಟರಿಗೆ ಒಂದು ಲಾಟ್ ಸ್ವಿಚ್ ಬಂದಿದೆ ಅಂದುಕೊಳ್ಳಿ. ಎಲ್ಲವನ್ನೂ ಒಂದೊಂದಾಗಿ ನೋಡಲು ಪುರುಸೊತ್ತಿಲ್ಲ. ಎಷ್ಟು ನೋಡಬೇಕು? ಹೆಚ್ಚಿನವರ ಬಾಯಲ್ಲಿ ಥಟ್ಟನೆ ಬರುವ ಉತ್ತರ, ‘ಒಂದು ಹತ್ತು ಪರ್ಸೆಂಟ್ ತೆಗೆದು ನೋಡಿ, ಸಾಕು’ ಅಂತ. ಕೇಳೋಕೆ ನ್ಯಾಯವಾಗಿಯೇ ಇದೆ. ಸಣ್ಣ ಲಾಟಿಗೆ ಸಣ್ಣ ಸ್ಯಾಂಪಲ್, ದೊಡ್ಡದಕ್ಕೆ ದೊಡ್ಡದು. ಆದರೆ ಲೆಕ್ಕ ಹಾಕಿದರೆ ಇದು ಭಾರೀ ಪಕ್ಷಪಾತದ ನಿಯಮ.

ಹೇಗೆ ಅಂತೀರಾ? ಎರಡು ಲಾಟ್ ತಗೊಳ್ಳಿ. ಒಂದರಲ್ಲಿ 100 ಪೀಸ್, ಇನ್ನೊಂದರಲ್ಲಿ 1000. ಎರಡರಲ್ಲೂ ನೂರಕ್ಕೆ 5 ಕೆಟ್ಟಿವೆ, ಅಂದರೆ ಗುಣಮಟ್ಟ ಒಂದೇ. ನಮ್ಮ ನಿಯಮ: ಹತ್ತು ಪರ್ಸೆಂಟ್ ತೆಗೆ, ಒಂದೇ ಒಂದು ಕೆಟ್ಟದ್ದು ಸಿಕ್ಕರೂ ಇಡೀ ಲಾಟ್ ವಾಪಸ್. ಸಣ್ಣ ಲಾಟಿನಿಂದ 10 ಪೀಸ್ ತೆಗೆದಾಗ ಕೆಟ್ಟದ್ದು ಒಂದೂ ಕೈಗೆ ಸಿಗದೆ ಲಾಟ್ ಪಾಸಾಗುವ ಸಾಧ್ಯತೆ ಶೇ. 58. ದೊಡ್ಡ ಲಾಟಿನಿಂದ 100 ತೆಗೆದಾಗ ಅದೇ ಸಾಧ್ಯತೆ ಶೇ. 0.5ಕ್ಕಿಂತಲೂ ಕಡಿಮೆ! ಮಾಲು ಅದೇ, ನಿಯಮ ಅದೇ, ಒಬ್ಬ ಆರಾಮಾಗಿ ದಾಟಿಹೋಗುತ್ತಾನೆ, ಇನ್ನೊಬ್ಬ ಖಂಡಿತ ಸಿಕ್ಕಿಬೀಳುತ್ತಾನೆ. ಇದು ಗೊತ್ತಾದ ಸಪ್ಲೈಯರ್ ಏನು ಮಾಡುತ್ತಾನೆ? ಮಾಲನ್ನು ಸಣ್ಣ ಸಣ್ಣ ಲಾಟ್ ಮಾಡಿ ಕಳಿಸುತ್ತಾನೆ, ಅಷ್ಟೇ.

ಇಲ್ಲಿ ನಿಜವಾಗಿ ಕೆಲಸ ಮಾಡೋದು ಪರ್ಸೆಂಟ್ ಅಲ್ಲ, ಎಣಿಕೆ. ಎಷ್ಟು ಪೀಸ್ ನೋಡಿದಿರಿ ಅನ್ನೋದು. 1000ದ ಲಾಟಿನಿಂದ 50 ತೆಗೆಯಿರಿ, 1,00,000ದ ಲಾಟಿನಿಂದಲೂ ಅದೇ 50 ತೆಗೆಯಿರಿ. ಎರಡರಲ್ಲೂ ಶೇ. 5 ಕೆಟ್ಟಿದ್ದರೆ, ಅವು ಕಣ್ತಪ್ಪಿಸಿ ಪಾಸಾಗುವ ಸಾಧ್ಯತೆ ಮೊದಲನೆಯದಕ್ಕೆ ಶೇ. 7.2, ಎರಡನೆಯದಕ್ಕೆ ಶೇ. 7.7. ಲಾಟ್ ನೂರು ಪಟ್ಟು ದೊಡ್ಡದಾದರೂ ವ್ಯತ್ಯಾಸ ಅರ್ಧ ಪರ್ಸೆಂಟ್! ಬಹಳಷ್ಟು ಜನರಿಗೆ ಇದನ್ನು ನಂಬೋದು ಕಷ್ಟ. ಆದರೆ ರಕ್ತ ಪರೀಕ್ಷೆಗೆ ಹೋದಾಗ, ದಪ್ಪಗಿರುವವರಿಂದ ಜಾಸ್ತಿ, ತೆಳ್ಳಗಿರುವವರಿಂದ ಕಡಿಮೆ ಅಂತ ತೂಕ ನೋಡಿ ರಕ್ತ ತೆಗೆಯೋದಿಲ್ಲ, ಅಲ್ವಾ?

ಹಾಗಂತ ಆ ಹೋಲಿಕೆ ಪೂರ್ತಿ ಹೊಂದುವುದೂ ಇಲ್ಲ. ರಕ್ತ ಮೈಯೆಲ್ಲ ಸುತ್ತಿ ತಾನೇ ಬೆರೆತಿರುತ್ತದೆ. ಲಾಟ್ ಬೆರೆತಿರುವುದಿಲ್ಲ. ರಾತ್ರಿ ಶಿಫ್ಟಿನಲ್ಲಿ ಒಂದು ಮೆಷಿನ್ ಅರ್ಧ ಗಂಟೆ ಕೈಕೊಟ್ಟಿದ್ದರೆ, ಆ ಅರ್ಧ ಗಂಟೆಯ ಕೆಟ್ಟ ಪೀಸುಗಳೆಲ್ಲ ಒಂದೇ ಬಾಕ್ಸಿನಲ್ಲಿ, ಅದೂ ತಳದ ಸಾಲಿನಲ್ಲಿ ಕೂತಿರಬಹುದು. ಪರೀಕ್ಷೆಗೆ ಬಂದವರು ಕೈಗೆ ಸಿಕ್ಕ ಮೇಲಿನ ಬಾಕ್ಸ್ ತೆರೆದು, ಮೇಲಿನ ಸಾಲಿನಿಂದ ಐವತ್ತು ತೆಗೆದರೆ ಮೇಲೆ ಹೇಳಿದ ಲೆಕ್ಕವೆಲ್ಲ ಕಸದ ಬುಟ್ಟಿಗೆ. ಆ ಶೇ. 7.2, 7.7 ಎಲ್ಲವೂ ನಿಂತಿರೋದು ಒಂದೇ ಷರತ್ತಿನ ಮೇಲೆ: ಲಾಟಿನ ಪ್ರತಿ ಪೀಸಿಗೂ ಆಯ್ಕೆಯಾಗುವ ಅವಕಾಶ ಸಮವಾಗಿರಬೇಕು. ಅದಕ್ಕೇ ಪೀಸಿಗೆ ನಂಬರ್ ಕೊಟ್ಟು, ಯಾದೃಚ್ಛಿಕ ಸಂಖ್ಯೆ ನೋಡಿ ಆರಿಸುವುದು, ಅಥವಾ ಎಲ್ಲ ಬಾಕ್ಸುಗಳಿಂದಲೂ ಪಾಲು ತೆಗೆಯುವುದು. ಬೇಜಾರಿನ ಕೆಲಸ. ನನಗನ್ನಿಸುವಂತೆ ಸ್ಯಾಂಪ್ಲಿಂಗ್ ಕೆಡೋದು ಗಣಿತದಲ್ಲಲ್ಲ, ಇಲ್ಲೇ.

ಇಷ್ಟೆಲ್ಲ ತಲೆನೋವು ಯಾಕೆ, ಎಲ್ಲವನ್ನೂ ನೋಡಿಬಿಟ್ಟರಾಯಿತಲ್ಲ ಅಂತ ಕೇಳಬಹುದು. ಕೆಲವು ವಸ್ತುಗಳನ್ನು ಪರೀಕ್ಷೆ ಮಾಡಿದರೆ ಅವು ಉಳಿಯೋದೇ ಇಲ್ಲ. ಫ್ಯೂಸ್ ಸರಿಯಾಗಿ ಸುಟ್ಟುಹೋಗುತ್ತಾ ಅಂತ ನೋಡಲು ಸುಡಲೇಬೇಕು. ಬುಲೆಟ್ ಹಾರುತ್ತಾ ಅಂತ ನೋಡಲು ಹಾರಿಸಲೇಬೇಕು. ಎಲ್ಲವನ್ನೂ ನೋಡಿದರೆ ಮಾರಲು ಏನೂ ಉಳಿಯಲ್ಲ. ಇನ್ನು ಪರೀಕ್ಷೆಯಿಂದ ಹಾಳಾಗದ ವಸ್ತುಗಳಲ್ಲೂ, ದಿನವಿಡೀ ಒಂದೇ ಥರದ ಸಾವಿರಾರು ಪೀಸ್ ನೋಡುವ ಕಣ್ಣು ದಣಿಯುತ್ತದೆ, ಗಮನ ಎಲ್ಲೋ ಹೋಗುತ್ತದೆ. ನೂರಕ್ಕೆ ನೂರು ನೋಡಿದ್ದೇವೆ ಅಂದ ಮಾತ್ರಕ್ಕೆ ನೂರಕ್ಕೆ ನೂರು ಹಿಡಿದಿದ್ದೇವೆ ಅಂತಲ್ಲ.

ಈ ವಿಷಯಕ್ಕೆ ಗಟ್ಟಿ ಅಡಿಪಾಯ ಹಾಕಿದ್ದು ಅಮೆರಿಕದ ಬೆಲ್ ಟೆಲಿಫೋನ್ ಲ್ಯಾಬೊರೇಟರೀಸ್‌ನಲ್ಲಿದ್ದ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್, 1920ರ ದಶಕದಲ್ಲಿ. ಟೆಲಿಫೋನಿಗೆ ಬೇಕಾದ ಬಿಡಿಭಾಗಗಳು ರಾಶಿ ರಾಶಿ ತಯಾರಾಗುತ್ತಿದ್ದ ಕಾಲ ಅದು. ಅವರು ಕೇಳಿದ ಪ್ರಶ್ನೆಯೇ ಬೇರೆ. ಈ ಲಾಟ್ ಒಳ್ಳೆಯದಾ ಕೆಟ್ಟದ್ದಾ ಅಂತ ಸ್ಯಾಂಪಲ್ ನೋಡಿ ಖಚಿತವಾಗಿ ಹೇಳಲು ಆಗೋದಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಹಾಗಾದರೆ ತಪ್ಪು ತೀರ್ಮಾನ ಎಷ್ಟು ಸಲ ಆಗಬಹುದು, ಅದರ ನಷ್ಟವನ್ನು ಯಾರು ಎಷ್ಟು ಹೊರಬೇಕು? ಅಂದರೆ ಸ್ಯಾಂಪ್ಲಿಂಗ್ ಪ್ಲಾನ್ ಅನ್ನೋದು ತಯಾರಕ ಮತ್ತು ಕೊಳ್ಳುವವನ ನಡುವಿನ ಒಂದು ಒಪ್ಪಂದ.

ಒಂದು ಪ್ಲಾನ್ ನೋಡೋಣ. 80 ಪೀಸ್ ತೆಗೆ. ಕೆಟ್ಟವು 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಾಸ್, 3 ಆದರೆ ರಿಜೆಕ್ಟ್. ಲಾಟಿನಲ್ಲಿ ನಿಜವಾಗಿ ಶೇ. 1 ಕೆಟ್ಟಿದ್ದರೆ ಅದು ಪಾಸಾಗುವ ಸಾಧ್ಯತೆ ಸುಮಾರು ಶೇ. 95. ಶೇ. 2 ಕೆಟ್ಟಿದ್ದರೆ 78. ಶೇ. 5 ಆದರೆ 23. ಶೇ. 7 ಆದರೆ ಏಳೆಂಟು ಅಷ್ಟೇ. ಇದನ್ನು ಗ್ರಾಫ್ ಹಾಕಿದರೆ ಎಡದಲ್ಲಿ ಎತ್ತರದಿಂದ ಶುರುವಾಗಿ ಬಲಕ್ಕೆ ಜಾರುವ ಗೆರೆ ಬರುತ್ತದೆ. ಕ್ವಾಲಿಟಿ ವಿಭಾಗದವರು ಇದಕ್ಕೆ ಓಸಿ (ಆಪರೇಟಿಂಗ್ ಕ್ಯಾರೆಕ್ಟರಿಸ್ಟಿಕ್) ಕರ್ವ್ ಅನ್ನುತ್ತಾರೆ. ಪ್ಲಾನಿನ ಜಾತಕವೆಲ್ಲ ಈ ಗೆರೆಯಲ್ಲಿದೆ.

ಎಡತುದಿಯಲ್ಲಿ ನೋಡಿ, ಶೇ. 1 ಮಾತ್ರ ಕೆಟ್ಟಿರುವ ಒಳ್ಳೆ ಲಾಟ್ ಕೂಡ ನೂರರಲ್ಲಿ ಐದು ಸಲ ಸುಮ್ನೆ ದುರದೃಷ್ಟದಿಂದ ವಾಪಸ್ ಹೋಗುತ್ತದೆ. ಅದು ತಯಾರಕನ ಪಾಲಿನ ಅಪಾಯ. ಬಲಗಡೆ, ಶೇ. 5 ಕೆಟ್ಟಿರುವ ಲಾಟ್ ನಾಲ್ಕರಲ್ಲಿ ಸುಮಾರು ಒಂದು ಸಲ ಪಾಸಾಗುತ್ತದೆ. ಅದು ಕೊಳ್ಳುವವನ ಅಪಾಯ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಬೇಕೆಂದರೆ ಇರುವುದು ಒಂದೇ ದಾರಿ, ಜಾಸ್ತಿ ಪೀಸ್ ನೋಡೋದು. 80 ಪೀಸನ್ನೇ ಇಟ್ಟುಕೊಂಡು ‘2ರ ಬದಲು ಸೊನ್ನೆ ಮಾಡಿ, ಸ್ಟ್ರಿಕ್ಟ್ ಆಗುತ್ತೆ’ ಅನ್ನುವವರು ಇದ್ದಾರೆ. ಆಗುತ್ತದೆ, ಆದರೆ ಶೇ. 1 ಕೆಟ್ಟಿರುವ ಒಳ್ಳೆ ಲಾಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಹೋಗುತ್ತವೆ. ಅದರ ಖರ್ಚು ಕೊನೆಗೆ ಬೆಲೆಯಲ್ಲಿ ಬಂದು ಕೂರುತ್ತದೆ.

ಈ 80–2 ಪ್ಲಾನ್ ನಾನು ಕಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಅನುಭವದ ಮೇಲೆ ಅಮೆರಿಕದ ಸೇನೆ 1950ರಲ್ಲಿ ಮಿಲ್-ಸ್ಟ್ಯಾಂಡರ್ಡ್-105 ಅನ್ನುವ ಕೋಷ್ಟಕಗಳನ್ನು ತಂದಿತು. ಅದೇ ಮುಂದೆ ಜಗತ್ತೆಲ್ಲ ಬಳಸುವ ಐಎಸ್‌ಒ 2859 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಆಯಿತು. ಅದರಲ್ಲಿ ಎಕ್ಯೂಎಲ್ ಅನ್ನುವ ಒಂದು ಸಂಖ್ಯೆ, ಅಂದರೆ ಒಪ್ಪಬಹುದಾದ ಗುಣಮಟ್ಟದ ಮಿತಿ (ನೂರಕ್ಕೆ ಎಷ್ಟು ಕೆಟ್ಟಿರಬಹುದು ಅಂತ), ಆರಿಸಿಕೊಳ್ಳಬೇಕು. 1000 ಪೀಸಿನ ಲಾಟ್, ಎಕ್ಯೂಎಲ್ 1 ಅಂದರೆ ಸಾಮಾನ್ಯ ಪರೀಕ್ಷೆಗೆ 80 ಪೀಸ್. ಲಾಟ್ 10,000 ಆದರೆ 200. ಹತ್ತು ಪಟ್ಟು ಮಾಲಿಗೆ ಎರಡೂವರೆ ಪಟ್ಟು ಸ್ಯಾಂಪಲ್. ಆ ಹೆಚ್ಚಳವೂ ಗಣಿತ ಕೇಳಿದ್ದಕ್ಕಲ್ಲ, ದೊಡ್ಡ ಲಾಟಿನಲ್ಲಿ ತೀರ್ಮಾನ ತಪ್ಪಿದರೆ ನಷ್ಟ ದೊಡ್ಡದು ಅನ್ನುವ ಕಾರಣಕ್ಕೆ.

ಈ ಎಕ್ಯೂಎಲ್ ಬಗ್ಗೆ ಒಂದು ಗೊಂದಲ ಎಲ್ಲೆಡೆ ಇದೆ. ‘ಎಕ್ಯೂಎಲ್ 1ರಲ್ಲಿ ಪಾಸಾಯಿತು, ಹಾಗಾಗಿ ಇದರಲ್ಲಿ ಕೆಟ್ಟವು ಶೇ. 1ಕ್ಕಿಂತ ಜಾಸ್ತಿ ಇಲ್ಲ’ ಅಂದುಕೊಳ್ಳುತ್ತಾರೆ. ಹಾಗಲ್ಲವೇ ಅಲ್ಲ! ಮೇಲಿನ ಅಂಕಿಗಳನ್ನೇ ನೋಡಿ, ಅದರ ಎರಡು ಪಟ್ಟು ಕೆಟ್ಟಿರುವ ಲಾಟ್ ಕೂಡ 78 ಸಲ ದಾಟುತ್ತದೆ. ಆ ಸಂಖ್ಯೆ ತಯಾರಕನಿಗೆ ಕೊಡುವ ಮಾತು: ನಿನ್ನ ಮಾಲು ಲಾಟ್ ಮೇಲೆ ಲಾಟ್ ಈ ಮಟ್ಟದಲ್ಲಿದ್ದರೆ ಬಹುತೇಕ ಪಾಸಾಗುತ್ತೆ ಅಂತ. ಕೊಳ್ಳುವವನ ಕಾವಲಿಗೆ ಇನ್ನೊಂದು ಏರ್ಪಾಡು ಇದೆ. ಸತತ ಐದು ಲಾಟುಗಳೊಳಗೆ ಎರಡು ರಿಜೆಕ್ಟ್ ಆದರೆ ಬಿಗಿ ಪರೀಕ್ಷೆಗೆ ಏರಬೇಕು, ಮತ್ತೆ ಸತತ ಐದು ಪಾಸಾಗುವವರೆಗೆ ಇಳಿಯುವಂತಿಲ್ಲ. ಬರೀ ಕೋಷ್ಟಕ ಬಳಸಿ ಈ ಏರಿಳಿತದ ನಿಯಮ ಮರೆತರೆ ಅರ್ಧ ಯಂತ್ರ ಕಿತ್ತು ಹಾಕಿದಂತೆ.

ಡಾಡ್ಜ್ ಮತ್ತು ರೋಮಿಗ್ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಚಿತ್ರ ಇದೆ. ರಿಜೆಕ್ಟ್ ಆದ ಲಾಟನ್ನು ವಾಪಸ್ ಕಳಿಸದೆ, ಪೂರ್ತಿ ನೋಡಿ ಕೆಟ್ಟವನ್ನೆಲ್ಲ ಬದಲಿಸಿ ಒಳಗೆ ಬಿಡುತ್ತೀರಿ ಅಂದುಕೊಳ್ಳಿ. ಬರುವ ಮಾಲು ತುಂಬ ಚೆನ್ನಾಗಿದ್ದರೆ ಹೊರಗೆ ಹೋಗೋದೂ ಚೆನ್ನಾಗಿರುತ್ತದೆ, ಸರಿ. ಬರುವ ಮಾಲು ತೀರಾ ಕೆಟ್ಟದಾಗಿದ್ದರೆ? ಹೆಚ್ಚುಕಡಿಮೆ ಎಲ್ಲ ಲಾಟೂ ಸಿಕ್ಕಿಬಿದ್ದು ಶುದ್ಧವಾಗುತ್ತದೆ, ಹಾಗಾಗಿ ಆಗಲೂ ಹೊರಹೋಗೋದು ಚೆನ್ನಾಗಿಯೇ ಇರುತ್ತದೆ! ಅಪಾಯ ಇರುವುದು ನಡುವೆ, ಹಿಡಿಯುವಷ್ಟು ಕೆಟ್ಟದ್ದೂ ಅಲ್ಲದ, ಬಿಡುವಷ್ಟು ಒಳ್ಳೆಯದೂ ಅಲ್ಲದ ಮಾಲಿನಲ್ಲಿ. 80–2 ಪ್ಲಾನಿನಲ್ಲಿ ಒಳಬರುವ ಮಾಲು ಹೇಗೇ ಇರಲಿ, ದೊಡ್ಡ ಲಾಟುಗಳಲ್ಲಿ ಹೊರಹೋಗುವ ಕೆಟ್ಟವುಗಳ ಸರಾಸರಿ ಸುಮಾರು ಶೇ. 1.7 ದಾಟುವುದಿಲ್ಲ.

ಯುದ್ಧಕಾಲದಲ್ಲಿ ಇನ್ನೊಂದು ಜಿಗಿತ ಆಯಿತು. 1943ರಲ್ಲಿ ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಗ್ಯಾರೆಟ್ ಶೈಲರ್ ಮದ್ದುಗುಂಡುಗಳ ಪರೀಕ್ಷೆ ಬಗ್ಗೆ ಒಂದು ಗೊಣಗಾಟ ಎತ್ತಿದರು: ಸಾವಿರಾರು ಸುತ್ತು ಹಾರಿಸಬೇಕು ಅಂತ ನಿಯಮ ಇದೆ, ಆದರೆ ಅನುಭವಿ ಅಧಿಕಾರಿಗೆ ಮೊದಲ ಕೆಲವು ಸಾವಿರ, ಇಲ್ಲವೇ ಕೆಲವು ನೂರು ಸುತ್ತಿನಲ್ಲೇ ಫಲಿತಾಂಶ ಗೊತ್ತಾಗಿಬಿಡುತ್ತದೆ, ಉಳಿದದ್ದು ಯಾಕೆ? ಆ ಪ್ರಶ್ನೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧನಾ ಗುಂಪಿನಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಏಬ್ರಹಾಂ ವಾಲ್ಡ್ ಬಳಿ ಬಂತು. ಅವರ ಉತ್ತರ, ಮೊದಲೇ ಸಂಖ್ಯೆ ಗೊತ್ತು ಮಾಡಬೇಡಿ. ಒಂದೊಂದೇ ಪೀಸ್ ನೋಡುತ್ತಾ ಹೋಗಿ. ಪ್ರತಿ ಸಲ ಮೂರು ದಾರಿ: ಪಾಸ್, ರಿಜೆಕ್ಟ್, ಇಲ್ಲಾ ಇನ್ನೊಂದು ನೋಡು. ಲಾಟ್ ತುಂಬ ಒಳ್ಳೆಯದೋ ತುಂಬ ಕೆಟ್ಟದ್ದೋ ಆಗಿದ್ದರೆ ತೀರ್ಮಾನ ಬೇಗ ಬರುತ್ತದೆ. ಅಷ್ಟೇ ಅಪಾಯ ಇಟ್ಟುಕೊಂಡು ಸರಾಸರಿ ಅರ್ಧದಷ್ಟು ಪೀಸ್ ಉಳಿತಾಯ. ಯುದ್ಧ ಮುಗಿಯುವ ಹೊತ್ತಿನವರೆಗೆ ಇದನ್ನು ರಹಸ್ಯವಾಗಿಯೇ ಇಟ್ಟಿದ್ದರು. ವಾಲ್ಡ್ 1950ರ ಡಿಸೆಂಬರಿನಲ್ಲಿ, ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದಾಗ, ನೀಲಗಿರಿಯಲ್ಲಿ ವಿಮಾನ ಅಪ್ಪಳಿಸಿ ತೀರಿಕೊಂಡರು.

ಇಷ್ಟೆಲ್ಲ ಜಾಣತನಕ್ಕೂ ಒಂದು ಮಿತಿ ಇದೆ. ಸುಲಭದ ಒಂದು ಲೆಕ್ಕ ಹೇಳುತ್ತೇನೆ. ನೀವು ನೋಡಿದ ಪೀಸುಗಳಲ್ಲಿ ಕೆಟ್ಟದ್ದು ಒಂದೂ ಸಿಗಲಿಲ್ಲ ಅಂದರೆ, 3 ಅನ್ನು ಆ ಸಂಖ್ಯೆಯಿಂದ ಭಾಗಿಸಿ. ಶೇ. 95 ಭರವಸೆಯಿಂದ ಹೇಳಬಹುದಾದ ಮೇಲ್ಮಿತಿ ಅದು. 300 ನೋಡಿ ಎಲ್ಲ ಸರಿ ಇದ್ದರೆ, ಕೆಟ್ಟವು ಶೇ. 1ರವರೆಗೂ ಇರಬಹುದು. ಈಗ ಹತ್ತು ಲಕ್ಷಕ್ಕೆ ಹತ್ತಕ್ಕಿಂತ ಹೆಚ್ಚು ಕೆಡಬಾರದು ಅನ್ನುವ ಎಲೆಕ್ಟ್ರಾನಿಕ್ ಬಿಡಿಭಾಗ ತಗೊಳ್ಳಿ. ಅಷ್ಟು ಭರವಸೆ ಬೇಕೆಂದರೆ 3,00,000 ಪೀಸ್ ನೋಡಿ, ಒಂದೂ ಕೆಟ್ಟಿಲ್ಲ ಅಂತ ತೋರಿಸಬೇಕು. ಲಾಟೇ ಅಷ್ಟು ದೊಡ್ಡದಿರುವುದಿಲ್ಲ. ಅಂಥ ಕಡೆ ತಯಾರಾದ ಮೇಲೆ ಆರಿಸಿ ನೋಡುವುದನ್ನು ಬಿಟ್ಟು, ತಯಾರಾಗುತ್ತಿರುವಾಗಲೇ ಮೆಷಿನಿನ ಅಳತೆಗಳು ಎತ್ತ ಜಾರುತ್ತಿವೆ ಅಂತ ಚಾರ್ಟ್ ಇಟ್ಟು ನೋಡುತ್ತಾರೆ. ಆ ಚಾರ್ಟನ್ನು 1924ರಲ್ಲಿ ಮೊದಲು ಬರೆದದ್ದು ವಾಲ್ಟರ್ ಶೂಹಾರ್ಟ್, ಡಾಡ್ಜ್ ಮತ್ತು ರೋಮಿಗ್ ಅವರ ಸಹೋದ್ಯೋಗಿ.