ಮನೆ ಕಟ್ಟುವ ಮೊದಲು ಮಣ್ಣು ನೋಡುವ ನಿಯಮ ಬಂದಿದ್ದು ಹೇಗೆ?

ಇಂಗ್ಲೆಂಡಿನ ಹೊಲವೊಂದರಲ್ಲಿ ಮನೆಗಳನ್ನು ಕಟ್ಟುತ್ತೇವೆ ಅಂತ ಅರ್ಜಿ ಬಿದ್ದಿದೆ ಎಂದುಕೊಳ್ಳಿ. ಆ ಮಣ್ಣಿನಡಿ ಹಳೆಯ ಕುರುಹು ಇರಬಹುದು ಅನ್ನಿಸಿದರೆ, ಪಾಯ ತೋಡುವವರಿಗಿಂತ ಮೊದಲು ಪುರಾತತ್ವದವರು ಬರುತ್ತಾರೆ. ಹಳೆಯ ನಕ್ಷೆ, ದಾಖಲೆ, ವಿಮಾನದಿಂದ ತೆಗೆದ ಫೋಟೊಗಳನ್ನು ಮೊದಲೇ ನೋಡಿರುತ್ತಾರೆ. ನೆಲದ ಕಾಂತೀಯ ವ್ಯತ್ಯಾಸ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ಸಾಲಾಗಿ ಹೊಲವಿಡೀ ನಡೆದಿರುತ್ತಾರೆ. ಕೊನೆಗೆ ಅಲ್ಲಲ್ಲಿ ಉದ್ದನೆಯ ಪರೀಕ್ಷಾ ಗುಂಡಿ ತೋಡಿಸುತ್ತಾರೆ.

ಈ ಗುಂಡಿ ಸಾಮಾನ್ಯವಾಗಿ ಎರಡು ಮೀಟರ್ ಅಗಲ, ಮೂವತ್ತರಿಂದ ಐವತ್ತು ಮೀಟರ್ ಉದ್ದ ಇರುತ್ತದೆ. ಯಂತ್ರಕ್ಕೆ ಹಲ್ಲಿಲ್ಲದ ಬಕೆಟ್ ಹಾಕಿರುತ್ತಾರೆ, ಹಲ್ಲಿದ್ದರೆ ಕೆಳಗಿನ ಪದರ ಕಿತ್ತುಹೋಗುತ್ತದೆ. ತೆಳ್ಳಗೆ, ಒಂದೊಂದೇ ಪದರ ಕೆರೆಯುತ್ತಾರೆ. ಪಕ್ಕದಲ್ಲೇ ಒಬ್ಬರು ನಿಂತು ಮಣ್ಣಿನ ಬಣ್ಣ ನೋಡುತ್ತಿರುತ್ತಾರೆ. ಹಳದಿ ಜೇಡಿಯ ನಡುವೆ ದುಂಡಗೆ ಕಪ್ಪು ಕಲೆ ಕಂಡರೆ, ಎಂದೋ ಕಂಬ ನೆಟ್ಟಿದ್ದ ಗುಂಡಿ ಇರಬಹುದು. ಉದ್ದಕ್ಕೆ ಹೋದರೆ ಹಳೆಯ ಚರಂಡಿಯೋ, ಹೊಲದ ಗಡಿಯೋ. ಕೂಡಲೇ ಯಂತ್ರ ನಿಲ್ಲಿಸಿ, ಕರಣೆಯಿಂದ ಆ ಕಲೆಯ ಅರ್ಧ ಮಾತ್ರ ಅಗೆಯುತ್ತಾರೆ. ಉಳಿದರ್ಧದ ಅಂಚಿನಲ್ಲಿ ಮಣ್ಣು ಹೇಗೆ ತುಂಬಿಕೊಂಡಿತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಎಲ್ಲವನ್ನೂ ಹೊರತೆಗೆಯುವ ಉದ್ದೇಶವಿಲ್ಲ. ಏನಿದೆ, ಎಷ್ಟು ಆಳದಲ್ಲಿದೆ, ಎಷ್ಟು ಮುಖ್ಯ ಎಂದು ತಿಳಿದರೆ ಸಾಕು.

ಇಷ್ಟು ಸರಳ ಕೆಲಸ ನಿಯಮವಾಗಲು ದಶಕಗಳೇ ಹಿಡಿದವು. ಎರಡನೇ ಮಹಾಯುದ್ಧದ ಬಾಂಬಿಗೆ ಲಂಡನ್ನಿನ ಹಳೆಯ ಭಾಗದಲ್ಲಿ ಬಹಳಷ್ಟು ನೆಲಸಮವಾಗಿತ್ತು. ಅದನ್ನು ಮತ್ತೆ ಕಟ್ಟುವ ಅವಸರದಲ್ಲಿ, ಪುರಾತತ್ವದವರಿಗೆ ಸಿಕ್ಕಿದ್ದು ಕಟ್ಟಡದವರು ಬಿಟ್ಟುಕೊಟ್ಟಷ್ಟು ಜಾಗ, ಬಿಟ್ಟುಕೊಟ್ಟಷ್ಟು ದಿನ. 1954ರಲ್ಲಿ ಅದೇ ಭಾಗದ ವಾಲ್‌ಬ್ರೂಕ್ ಬಳಿ ಅಗೆತದ ಗಡುವು ಮುಗಿಯುವ ಹೊತ್ತಿಗೆ ಮಿತ್ರಾಸ್ ದೇವರ ಅಮೃತಶಿಲೆಯ ತಲೆ ಸಿಕ್ಕಿತು. ಅಗೆಯುತ್ತಿದ್ದ ಆ ಜಾಗ ರೋಮನ್ನರ ಕಾಲದ ಮಿತ್ರಾಸ್ ಗುಡಿ. ಸಾವಿರಾರು ಜನ ಸಾಲುಗಟ್ಟಿ ನೋಡಲು ಬಂದರು, ವಿಷಯ ಸಚಿವ ಸಂಪುಟದವರೆಗೂ ಹೋಯಿತು. ಆದರೂ ಗುಡಿಯನ್ನು ಕಿತ್ತು ಬೇರೆ ಕಡೆ ಜೋಡಿಸಿ, ಆ ಜಾಗದಲ್ಲಿ ಕಚೇರಿ ಕಟ್ಟಿದರು.

ಊರುಗಳು ಬೆಳೆದವು, ಹೆದ್ದಾರಿಗಳು ಬಂದವು, ನಷ್ಟ ಜಾಸ್ತಿಯಾಯಿತು. 1971ರಲ್ಲಿ ಪುರಾತತ್ವದವರೇ ಸೇರಿ ‘ರೆಸ್ಕ್ಯೂ’ ಅನ್ನುವ ಸಂಘಟನೆ ಕಟ್ಟಿದರು. 1979ರ ಕಾನೂನು ಯಾರ್ಕ್, ಕ್ಯಾಂಟರ್‌ಬರಿಯಂಥ ಐದು ಊರುಗಳ ಹಳೆಯ ಭಾಗಗಳಲ್ಲಿ ಅಗೆತಕ್ಕೆ ಕೆಲವು ತಿಂಗಳ ಅವಕಾಶ ಕೊಡಿಸಿತು. ಬರೀ ಐದು ಊರು!

ನಿಜವಾದ ತಿರುವು 1989ರದ್ದು. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಕಚೇರಿ ಕಟ್ಟಬೇಕಿದ್ದ ಜಾಗದಲ್ಲಿ, 1587ರ ರೋಸ್ ನಾಟಕಶಾಲೆಯ ಅವಶೇಷ ಕಾಣಿಸಿತು. ಷೇಕ್ಸ್‌ಪಿಯರನ ನಾಟಕಗಳು ಆಡಿದ ಜಾಗ ಅದು. ನಟರು ಬೀದಿಗಿಳಿದರು. ಆದರೆ ಅನುಮತಿ ಆಗಲೇ ಕೈಸೇರಿತ್ತು, ಬಿಲ್ಡರ್‌ಗಳ ಹಣವೂ ಸುರಿದಾಗಿತ್ತು. ಕೊನೆಗೆ ವಿನ್ಯಾಸ ಬದಲಿಸಿ, ಅವಶೇಷವನ್ನು ಅಡಿಯಲ್ಲೇ ಉಳಿಸಿ ಮೇಲೆ ಕಟ್ಟಡ ಕಟ್ಟಿದರು. ಈ ಜಗಳದಲ್ಲಿ ಯಾರೂ ಗೆಲ್ಲಲಿಲ್ಲ. ಅನುಮತಿಗೆ ಮೊದಲೇ ನೋಡಿದ್ದರೆ ಎರಡೂ ಕಡೆಯವರಿಗೆ ಈ ಪಾಡು ಬರುತ್ತಿತ್ತಾ?

1990ರ ನವೆಂಬರಿನಲ್ಲಿ ಬಂದ ‘ಪಿಪಿಜಿ 16’ ಎಂಬ ಸರ್ಕಾರಿ ಮಾರ್ಗಸೂಚಿ ಇದಕ್ಕೇ ಉತ್ತರ ಕೊಟ್ಟಿತು. ತೀರ್ಮಾನಕ್ಕೂ ಮೊದಲು ಪರೀಕ್ಷೆ. ಸಾಧ್ಯವಾದರೆ ಕುರುಹನ್ನು ಇದ್ದಲ್ಲೇ ಉಳಿಸುವುದು, ಆಗದಿದ್ದರೆ ಅಗೆದು ದಾಖಲಿಸುವುದು. ಖರ್ಚು ಕಟ್ಟುವವರದ್ದು. ಲಾಭ ಅವರದ್ದಾದ ಮೇಲೆ ಇದು ನ್ಯಾಯವೇ ಅಲ್ವಾ? 1992ರಲ್ಲಿ ಮಾಲ್ಟಾದ ವಲೆಟ್ಟಾದಲ್ಲಿ ಆದ ಯುರೋಪಿನ ಒಪ್ಪಂದವೂ ಇದೇ ದಾರಿ ಹಿಡಿಯಿತು. ಇಂಗ್ಲೆಂಡಿನ 2012ರ ಯೋಜನಾ ನೀತಿಯಲ್ಲೂ ಈ ತತ್ವ ಉಳಿದುಕೊಂಡಿತು.

ನನಗೆ ಆತಂಕ ಇರುವುದು ಪರೀಕ್ಷೆಯ ಅಳತೆಯ ಬಗ್ಗೆ. ಎಷ್ಟೋ ಕಡೆ ಒಟ್ಟು ಜಾಗದ 2ರಿಂದ 5 ಶೇಕಡಾ ಮಾತ್ರ ಅಗೆದು ನೋಡುತ್ತಾರೆ. ಉದ್ದನೆಯ ಚರಂಡಿ, ದೊಡ್ಡ ವಸತಿ ಅಷ್ಟರಲ್ಲೇ ಸಿಕ್ಕಿಬಿಡುತ್ತವೆ. ಚದುರಿದ ಸಮಾಧಿಗಳು, ಕಲ್ಲಿನ ಚೂರು ಬಿಟ್ಟು ಬೇರೇನೂ ಉಳಿಯದ ಬಹಳ ಹಳೆಯ ಬೀಡುಗಳು ಎರಡು ಗುಂಡಿಗಳ ನಡುವೆ ತಪ್ಪಿಹೋಗುತ್ತವೆ. ಆಮೇಲೆ ಪಾಯ ತೋಡುವಾಗ ಎಲುಬು ಸಿಕ್ಕಿದರೆ ಮತ್ತೆ 1989ರದ್ದೇ ಪರದಾಟ. ಹಾಗಾಗಿ ಗುಂಡಿಗಳ ಸಂಖ್ಯೆಯನ್ನು ಚೌಕಾಸಿಗೆ ಬಿಡಬಾರದು, ಆ ನೆಲದಲ್ಲಿ ಏನು ಸಿಗಬಹುದು ಅನ್ನುವುದನ್ನು ನೋಡಿಯೇ ನಿರ್ಧರಿಸಬೇಕು.